ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗದ ಕೋಟೆಗೆ ಶಾಲಾ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಒಂದು ಸಂಗತಿಯನ್ನು ಗಮನಿಸಿದ್ದೇನೆ. ಯಾರಾದರೂ ಬಂಡೆಯೊಂದನ್ನು ತೋರಿಸಿ ‘ಅಗೋ ಆನೆ’ ಎನ್ನುವವರೆಗೆ ಮಕ್ಕಳಿಗೆ ಅದು ಬರೀ ಬಂಡೆ. ಒಮ್ಮೆ ಸೊಂಡಿಲು ಕಂಡಿತೆಂದರೆ ಮತ್ತೆ ಅದನ್ನು ಬರೀ ಬಂಡೆಯಾಗಿ ನೋಡುವುದು ಅವರಿಂದಾಗದು. ಕಣ್ಣಿಗೆ ಬೀಳುವ ಬೆಳಕು ಮೊದಲಿನದೇ, ಬದಲಾದದ್ದು ಮಿದುಳು ಅದಕ್ಕೆ ಕೊಟ್ಟ ಅರ್ಥ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದ ಮೇಲೆ ಬಿಂಬ ತಲೆಕೆಳಗಾಗಿ ಮೂಡಿದರೂ, ದೃಷ್ಟಿನರ ಹೊರಡುವೆಡೆ ಏನೂ ಕಾಣದ ಕುರುಡುಚುಕ್ಕೆ ಇದ್ದರೂ, ಲೋಕ ನಮಗೆ ನೆಟ್ಟಗೆ, ಎಲ್ಲಿಯೂ ತೂತಿಲ್ಲದೆ ಕಾಣುವುದು ಈ ಕಾರಣಕ್ಕೇ.

ಆದರೆ ಹೀಗೆ ಅರ್ಥ ಕಟ್ಟುವುದನ್ನು ಮಿದುಳು ಬಹುಮಟ್ಟಿಗೆ ಎಳವೆಯಲ್ಲಿ ಕಲಿಯುತ್ತದೆ. ಹುಟ್ಟುಕುರುಡಿನಿಂದ ಶಸ್ತ್ರಚಿಕಿತ್ಸೆಯ ಮೂಲಕ ಬಿಡುಗಡೆ ಪಡೆದ ಮಕ್ಕಳನ್ನು ವಿಜ್ಞಾನಿ ಪವನ್ ಸಿನ್ಹಾ ಅವರ ತಂಡ ನಮ್ಮ ದೇಶದಲ್ಲೇ ಪರೀಕ್ಷಿಸಿತು. ಕೈಯಿಂದ ಮುಟ್ಟಿ ತಿಳಿದ ಆಕಾರವನ್ನು ಆ ಮಕ್ಕಳು ಕಣ್ಣು ಬಂದ ಕೂಡಲೇ ನೋಡಿ ಗುರುತಿಸಲಾರದೆ ಹೋದರೆಂದು 2011ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. 1981ರಲ್ಲಿ ನೊಬೆಲ್ ಪಡೆದ ಹ್ಯೂಬೆಲ್ ಮತ್ತು ವೀಸೆಲ್, ಬೆಕ್ಕಿನ ಮರಿಯ ಒಂದು ಕಣ್ಣನ್ನು ಎಳವೆಯಲ್ಲಿ ಕೆಲಕಾಲ ಮುಚ್ಚಿಟ್ಟರೆ, ಮುಂದೆ ಆ ಕಣ್ಣು ತೆರೆದರೂ ಮಿದುಳು ಅದಕ್ಕೆ ಸ್ಪಂದಿಸುವುದಿಲ್ಲವೆಂದು ತೋರಿಸಿದ್ದರು.

ನನ್ನ ಮೊಮ್ಮಗಳಿಗೆ ಆದದ್ದೂ ಇದೇ. ಎರಡು ಕಣ್ಣುಗಳ ಪವರ್‌ನಲ್ಲಿ ಬಹಳ ಅಂತರವಿದ್ದುದರಿಂದ, ಮಸುಕು ಬಿಂಬ ಕಳಿಸುತ್ತಿದ್ದ ಎಡಗಣ್ಣನ್ನು ಅವಳ ಮಿದುಳು ಕೈಬಿಟ್ಟಿತ್ತು. ಬಲಗಣ್ಣು ಎಲ್ಲವನ್ನೂ ತೂಗಿಸುತ್ತಿದ್ದುದರಿಂದ ಅವಳಿಗಾಗಲಿ ನಮಗಾಗಲಿ ಆರನೇ ತರಗತಿಯವರೆಗೆ ಸುಳಿವೇ ಸಿಗಲಿಲ್ಲ. ವಿಜ್ಞಾನ ಪಾಠ ಮಾಡಿದ ನಾನೂ ಗಮನಿಸಲಿಲ್ಲವೆಂಬ ನೋವು ನನ್ನಲ್ಲಿ ಉಳಿದಿದೆ. ಇದನ್ನು ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಸೋಮಾರಿತನ ಕಣ್ಣಿನದಲ್ಲವಾದ್ದರಿಂದ ಆ ಹೆಸರು ನನಗೆ ಸರಿಕಾಣದು. ಕನ್ನಡಕ ಹಾಕಿಸಿ, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟುವ ಚಿಕಿತ್ಸೆ ಸುಮಾರು 7 ವರ್ಷದೊಳಗೆ ಆರಂಭವಾದರೆ ಹೆಚ್ಚು ಫಲ ಕೊಡುತ್ತದೆ, ವಯಸ್ಸು ಮೀರಿದಂತೆ ಕಷ್ಟವಾಗುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮಕ್ಕಳ ಆರೋಗ್ಯ ತಪಾಸಣೆಗೆಂದು ಅಂಗನವಾಡಿ ಮತ್ತು ಶಾಲೆಗಳಿಗೆ ಬರುತ್ತವೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಒಂದನೇ ತರಗತಿ ಸೇರುವ ಮೊದಲೇ ಪ್ರತಿ ಮಗುವಿನ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ಪರೀಕ್ಷಿಸಿ, ಫಲಿತಾಂಶವನ್ನು ತಾಯಂದಿರಿಗೆ ಬರೆದುಕೊಡುವ ವ್ಯವಸ್ಥೆ ಆಗಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ಪೋಷಕರೂ ಮನೆಯಲ್ಲಿ ಅಂಗೈಯಿಂದ ಹೀಗೆ ಮುಚ್ಚಿ ನೋಡಬಹುದು. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಕೈ ತಳ್ಳಿ ಹಟ ಮಾಡಿದರೆ, ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.

– ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ದಾವಣಗೆರೆ