ಹಳೆ ಜಿಪ್ಸಿಗೆ ಬಣ್ಣಕ್ಕಿಂತ ಮೊದಲು ಬ್ರೇಕು ನೋಡಿಸಿ

ಮಾನ್ಯರೇ,

ಚಿಕ್ಕಮಗಳೂರು, ಕೊಡಗಿನ ಕಡೆ ಹಳೆ ಮಾರುತಿ ಜಿಪ್ಸಿ ಜೀಪುಗಳು ಇನ್ನೂ ಓಡುತ್ತಿವೆ. ಇವನ್ನು ರೆಡಿ ಮಾಡಿಸುವವರು ಪೇಂಟು, ದಪ್ಪ ಟೈರು ಅಂತ ದುಡ್ಡು ಸುರಿಯುತ್ತಾರೆ. ಮುಂದಿನ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು) ಬಿಚ್ಚಿಸುವವರು ಕಡಿಮೆ. ಇದು ಸರಿಯಲ್ಲ.

ಮುಂದಿನ ಚಕ್ರದ ಹಿಂದೆ, ಆಕ್ಸಲ್ ತುದಿಯಲ್ಲಿ ಒಂದು ದುಂಡನೆ ಕಬ್ಬಿಣದ ಗೋಳ ಇದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಹಿಡಿದಿರುವ ‘ನಕಲ್’ ಎಂಬ ಭಾಗ ಅದರ ಸುತ್ತ ತಿರುಗುತ್ತದೆ, ನಡುವೆ ರಬ್ಬರ್ ಸೀಲು. ಕೆಸರು ನೀರು ಬಡಿದು ಗೋಳಕ್ಕೆ ತುಕ್ಕು ಹಿಡಿದರೆ ಸೀಲು ಹರಿಯುತ್ತದೆ, ಒಳಗಿನ ಆಯಿಲ್ ಸೀಲೂ ಹೋಗಿದ್ದರೆ ಆಕ್ಸಲಿನ ಗೇರ್ ಆಯಿಲ್ ಗೋಳದೊಳಗಿನ ಗ್ರೀಸಿಗೆ ಸೇರಿ ಕರಿ ಸಾರಿನ ಹಾಗೆ ಸೋರುತ್ತದೆ. ಅದು ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆಗೆ, ಅಂದರೆ ಡಿಸ್ಕಿಗೆ ತಾಗಿತೋ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಆಯಿಲ್ ಕುಡಿದಿದ್ದರೆ ಅದನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ತಪ್ಪು. ಎರಡೂ ಕಡೆ ಹೊಸದೇ ಬೇಕು.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು ತುಕ್ಕು ಹಿಡಿದು ಜಾರದಿದ್ದರೆ ಒಂದೇ ಪ್ಯಾಡ್ ಜಾಸ್ತಿ ಸವೆಯುತ್ತದೆ, ಅದನ್ನೂ ನೋಡಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಘಾಟಿ ಇಳಿಯುವಾಗ ಬಿಸಿಗೆ ಅದು ಕುದಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತದೆ, ಅದಕ್ಕೇ 2 ವರ್ಷಕ್ಕೊಮ್ಮೆ ಬದಲಿಸಬೇಕು. ಸ್ಟೀರಿಂಗ್ ನಡುಗಿದರೆ ನಡುಕ ತಗ್ಗಿಸುವ ಡ್ಯಾಂಪರ್ ಬದಲಿಸಿ ಸುಮ್ನೆ ಕೂರಬೇಡಿ, ನಕಲ್ ತಿರುಗಲು ಇರುವ ಕಿಂಗ್‌ಪಿನ್ ಬೇರಿಂಗ್ ಸವೆದಿರಬಹುದು.

ಪ್ರವಾಸಿಗರನ್ನು ಗುಡ್ಡ ಹತ್ತಿಸುವುದೂ ಇಂಥ ಹಳೆ ಗಾಡಿಗಳೇ ಅಲ್ವಾ? ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಕೊಡುವ ಮುಂಚೆ ಸಾರಿಗೆ ಇಲಾಖೆಯವರು ಇವುಗಳ ಮುಂದಿನ ಚಕ್ರ ಬಿಚ್ಚಿಸಿ ಪ್ಯಾಡು, ಸೀಲು ನೋಡಲಿ.

— ಓದುಗ, ಮೂಡಿಗೆರೆ