ಐರಿಷ್ ಮನೆತನ ಹುಡುಕುತ್ತಿರುವವರ ಗಮನಕ್ಕೆ

ಸದಸ್ಯರೇ, ಐರ್ಲೆಂಡ್‌ನ ಹಳೆಯ ಜನಗಣತಿ ಸಿಗಲಿಲ್ಲವೆಂದು ಕೈಚೆಲ್ಲಬೇಡಿ. 1821ರಿಂದ 1851ರವರೆಗಿನ ಗಣತಿಯ ಬಹುಪಾಲು 1922ರಲ್ಲಿ ಡಬ್ಲಿನ್‌ನ ದಾಖಲೆ ಭವನದ ಜೊತೆ ಸುಟ್ಟುಹೋಯಿತು, ಆಮೇಲಿನ ನಾಲ್ಕನ್ನು ಸರ್ಕಾರವೇ ಮೊದಲೇ ನಾಶಮಾಡಿತ್ತು (ಎಂಥ ಬುದ್ಧಿವಂತಿಕೆ!). ಹಾಗಾಗಿ ಜಮೀನಿನ ಕಡತಗಳೇ ಗತಿ.

1847–1864ರ ಗ್ರಿಫಿತ್ ಮೌಲ್ಯಮಾಪನದಿಂದ (ತೆರಿಗೆಗಾಗಿ ಐರ್ಲೆಂಡಿನ ಜಮೀನು, ಕಟ್ಟಡಗಳ ಬೆಲೆ ಕಟ್ಟಿದ ಪಟ್ಟಿ) ಆರಂಭಿಸಿ. ಅದರಲ್ಲಿ ಗೇಣಿದಾರನ ಪಕ್ಕದಲ್ಲೇ ಜಮೀನು ಕೊಟ್ಟವನ ಹೆಸರೂ ಇರುತ್ತದೆ. ಅದನ್ನು ತಪ್ಪದೆ ಬರೆದುಕೊಳ್ಳಿ: ಎಸ್ಟೇಟಿನ ಗೇಣಿ ಲೆಕ್ಕ, ಗುತ್ತಿಗೆ ಪತ್ರಗಳು ಸಾಮಾನ್ಯವಾಗಿ ಜಮೀನ್ದಾರನ ಮನೆತನದ ಹೆಸರಿನಲ್ಲೇ ಸಿಗುವುದು. ಆದರೆ ಪಟ್ಟಿಯಲ್ಲಿ ಜಮೀನು ಕೊಟ್ಟವನೆಂದು ಇರುವಾತ ಜಮೀನ್ದಾರನಲ್ಲದೆ ಬರೀ ಮಧ್ಯವರ್ತಿಯೂ ಆಗಿರಬಹುದು, ಎಚ್ಚರ. ‘ಮೂರು ಜೀವಗಳ’ ಗುತ್ತಿಗೆ (ಪತ್ರದಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವರು ಬದುಕಿರುವವರೆಗೆ ನಡೆಯುವ ಗುತ್ತಿಗೆ) ಸಿಕ್ಕರೆ ಹಬ್ಬ. ಅದರಲ್ಲಿ ಮಕ್ಕಳ ಹೆಸರು, ವಯಸ್ಸು ಇರುವುದುಂಟು.

ಇಲ್ಲಿ ಪ್ರಶ್ನೆ ಕೇಳುವಾಗ ಟೌನ್‌ಲ್ಯಾಂಡ್ (ಐರ್ಲೆಂಡಿನ ಅತಿ ಚಿಕ್ಕ ಭೂವಿಭಾಗ) ಹೆಸರು ಕೊಡಿ. ‘ಮರ್ಫಿ, ಕಾರ್ಕ್’ ಎಂದು ಮನೆತನ, ಕೌಂಟಿಯ ಹೆಸರಷ್ಟೇ ಬರೆದರೆ ಉತ್ತರ ಸಿಗುವುದಿಲ್ಲ.