ಅಡವು, ಗುರುತು, ಹೊಣೆ: ಯೆಹೂದನ ಕಥೆ ಬರೆಯುವವರಿಗೆ ಒಂದು ಪತ್ರ

ಪ್ರಿಯ ಕಿರಿಯ ಮಿತ್ರರೇ,

ನೀವು ಕಳುಹಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಯಾಕೋಬನ ಹನ್ನೆರಡು ಗಂಡುಮಕ್ಕಳ ಬಗ್ಗೆ ಬರೆಯಹೊರಟವರೆಲ್ಲ ಯೋಸೇಫನ ಬೆನ್ನು ಹತ್ತುವಾಗ ನೀವು ಅವನ ಹೆಂಡತಿ ಲೇಯಳ ನಾಲ್ಕನೆಯ ಮಗನಾದ ಯೆಹೂದನನ್ನು ಆರಿಸಿಕೊಂಡದ್ದು ನನಗೆ ಹಿಡಿಸಿತು. ಆದರೆ ಮೊದಲ ಪುಟದಲ್ಲೇ ಅವನನ್ನು ಸಿಂಹವೆಂದು ಕರೆದುಬಿಟ್ಟಿದ್ದೀರಿ. ಆ ಸಿಂಹ ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದಲ್ಲಿ ಕಾಣಿಸಿಕೊಳ್ಳುವುದು 49ನೆಯ ಅಧ್ಯಾಯದಲ್ಲಿ, ಸಾಯುವ ಹೊತ್ತಿನಲ್ಲಿರುವ ತಂದೆಯ ಬಾಯಲ್ಲಿ, ಅದೂ ಸಿಂಹದ ಮರಿಯಾಗಿ. ಆರಂಭದಲ್ಲೇ ಪಟ್ಟ ಕಟ್ಟಿಬಿಟ್ಟರೆ ಮುಂದಿನ ನಲವತ್ತು ಪುಟಗಳಲ್ಲಿ ಓದುಗನಿಗೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.

ಯೆಹೂದ ಬಾಯಿ ತೆರೆದು ಆಡುವ ಮೊದಲ ಮಾತನ್ನು ಗಮನಿಸಿ. ತಮ್ಮನಾದ ಯೋಸೇಫನನ್ನು ನೀರಿಲ್ಲದ ಗುಂಡಿಗೆ ತಳ್ಳಿ ಅಣ್ಣಂದಿರು ಊಟಕ್ಕೆ ಕುಳಿತಿದ್ದಾರೆ. ದೂರದಲ್ಲಿ ಗಿಲ್ಯಾದಿನ ಕಡೆಯಿಂದ ಸುಗಂಧದ ಗೋಂದು, ರಾಳಗಳನ್ನು ಒಂಟೆಗಳ ಮೇಲೆ ಹೇರಿಕೊಂಡು ಐಗುಪ್ತಕ್ಕೆ (ಈಜಿಪ್ಟಿಗೆ) ಹೊರಟ ವರ್ತಕರು ಕಾಣಿಸುತ್ತಾರೆ. ಆಗ ಅವನು ಕೇಳುವುದು, ತಮ್ಮನನ್ನು ಕೊಂದು ರಕ್ತವನ್ನು ಮುಚ್ಚಿಟ್ಟರೆ ನಮಗೇನು ಲಾಭ ಎಂದು. ಅವನು ತಮ್ಮನ ಪ್ರಾಣ ಉಳಿಸಿದನೆಂದು ನೀವು ಬರೆದಿದ್ದೀರಿ. ಫಲದ ದೃಷ್ಟಿಯಿಂದ ಅದು ಸುಳ್ಳೇನಲ್ಲ. ಆದರೆ ಮೂಲದಲ್ಲಿ ಲಾಭವೆಂಬ ಮಾತಿದೆ, ಇಪ್ಪತ್ತು ಬೆಳ್ಳಿಯ ಬೆಲೆಯೂ ಇದೆ. ಅವೆರಡನ್ನೂ ಕರುಣೆಯ ಹೊದಿಕೆಯಡಿ ಸರಿಸಬೇಡಿ. ಬರಗಾಲ ಬಂದಾಗ ಯಾಕೋಬ ಐಗುಪ್ತದ ಅಧಿಕಾರಿಗೆ, ಅಂದರೆ ಅವರಿಗೆ ಇನ್ನೂ ಗುರುತು ಸಿಗದ ಯೋಸೇಫನಿಗೆ, ಕಾಣಿಕೆಯಾಗಿ ಕಟ್ಟಿಕೊಡುವ ಗಂಟಿನಲ್ಲಿ ಅದೇ ಗೋಂದು, ಅದೇ ರಾಳ ಮತ್ತೆ ಬರುತ್ತವೆ. ತಮ್ಮನನ್ನು ಒಯ್ದ ಸರಕಿನ ವಾಸನೆಯನ್ನೇ ಹೊತ್ತುಕೊಂಡು ಅಣ್ಣಂದಿರು ತಮ್ಮನೆದುರಿಗೆ ಹೋಗಿ ನಿಲ್ಲುತ್ತಾರೆ. ಕಥೆಗಾರ ಇದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ನೀವೂ ಆಡಬೇಕಿಲ್ಲ, ಸರಕಿನ ಹೆಸರುಗಳನ್ನು ಎರಡೂ ಕಡೆ ಒಂದೇ ರೀತಿ ಬರೆದರೆ ಸಾಕು.

ಇನ್ನು ನಿಮ್ಮ ಮೂರನೆಯ ಭಾಗದಲ್ಲಿ ಯೆಹೂದ ಇಡೀ ರಾತ್ರಿ ಅತ್ತು ಪಶ್ಚಾತ್ತಾಪಪಡುವ ಪ್ರಸಂಗ. ಅದನ್ನು ಓದುವಾಗ ನನ್ನ ಹಳೆಯ ತಪ್ಪು ನೆನಪಾಯಿತು. ಹಬ್ಬದ ವಿಶೇಷ ಸಂಚಿಕೆಯೊಂದಕ್ಕೆ ನಾನೂ ಇದೇ ಯೆಹೂದನನ್ನು ಕುರಿತು ಬರೆದಿದ್ದೆ. ನನ್ನ ಯೆಹೂದನೂ ನಕ್ಷತ್ರಗಳ ಕೆಳಗೆ ಮೂರು ಪ್ಯಾರಾಗಳಷ್ಟು ಅತ್ತಿದ್ದ. ಹೀಬ್ರೂ ಬಲ್ಲ ಹಿರಿಯರೊಬ್ಬರು ಓದಿ, ‘ಈ ಕಣ್ಣೀರು ಯಾವ ವಚನದಲ್ಲಿದೆ, ತೋರಿಸಿ’ ಎಂದಷ್ಟೇ ಕೇಳಿದರು. ಎಲ್ಲಿಯೂ ಇರಲಿಲ್ಲ. ಯೋಸೇಫ ಎಷ್ಟೋ ಸಲ ಅಳುತ್ತಾನೆ. ಯೆಹೂದ ತನ್ನವರ ಸಾವಿಗೆ ಅತ್ತನೆಂದು ಕೂಡ ಬರೆದಿಲ್ಲ. ಹೆಂಡತಿ ತೀರಿಕೊಂಡಾಗ, ದುಃಖದ ದಿನಗಳು ಕಳೆದ ಮೇಲೆ ಕುರಿಗಳ ಉಣ್ಣೆ ಕತ್ತರಿಸುವಲ್ಲಿಗೆ ಹೋದನೆಂದಷ್ಟೇ ಇದೆ. ಅವನು ಬದಲಾದನೆಂದು ಕೂಡ ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಹಾಗಾದರೆ ಬದಲಾವಣೆ ನಮಗೆ ತಿಳಿಯುವುದಾದರೂ ಹೇಗೆ? ನಿಮ್ಮ ಇಡೀ ಲೇಖನ ನಿಲ್ಲಬೇಕಾದದ್ದು ಈ ಪ್ರಶ್ನೆಯ ಮೇಲೆ ಎಂದು ನನಗೆ ಅನ್ನಿಸುತ್ತದೆ.

ಅದಕ್ಕಾಗಿ 38ನೆಯ ಅಧ್ಯಾಯಕ್ಕೆ ಹೋಗಬೇಕು. ನೀವು ಸಂಕೋಚದಿಂದ ಅರ್ಧ ಪುಟದಲ್ಲಿ ದಾಟಿಸಿಬಿಟ್ಟ ಅಧ್ಯಾಯ ಅದು. ಯೆಹೂದನ ಹಿರಿಯ ಮಗ ಏರ ಸಾಯುತ್ತಾನೆ. ಮಕ್ಕಳಿಲ್ಲದೆ ಸತ್ತ ಅಣ್ಣನಿಗೆ ಸಂತಾನ ಹುಟ್ಟಿಸಬೇಕೆಂಬ ಮೈದುನಧರ್ಮದಂತೆ ಅತ್ತಿಗೆ ತಾಮಾರಳನ್ನು ಕೂಡಬೇಕಾದ ಓನಾನನೂ ಸಾಯುತ್ತಾನೆ. ಮೂರನೆಯವನಾದ ಶೇಲಹ ಬೆಳೆಯುವ ತನಕ ತವರಿನಲ್ಲಿ ಇರು ಎಂದು ಯೆಹೂದ ಸೊಸೆಯನ್ನು ಕಳುಹಿಸಿಬಿಡುತ್ತಾನೆ. ಇವನೂ ಸತ್ತಾನೆಂಬ ಭಯ ಅವನ ಮನಸ್ಸಿನಲ್ಲಿದೆ. ಶೇಲಹ ಬೆಳೆದರೂ ಕರೆ ಬರುವುದಿಲ್ಲ. ಮಾವ ತಿಮ್ನಾಕ್ಕೆ ಹೊರಟಿದ್ದಾನೆಂದು ತಿಳಿದ ತಾಮಾರಳು ವಿಧವೆಯ ಬಟ್ಟೆ ತೆಗೆದಿಟ್ಟು, ಮುಸುಕು ಹಾಕಿಕೊಂಡು, ಏನಯಿಮಿನ ದಾರಿಯಲ್ಲಿ ಕೂರುತ್ತಾಳೆ. ವೇಶ್ಯೆಯೆಂದು ಭಾವಿಸಿದ ಯೆಹೂದ ಒಂದು ಆಡಿನ ಮರಿ ಕೊಡುತ್ತೇನೆ ಎನ್ನುತ್ತಾನೆ. ಅದು ಬರುವ ತನಕ ಅಡವು ಏನು ಎಂದು ಅವಳು ಕೇಳುತ್ತಾಳೆ. ಮುದ್ರೆ, ಅದರ ದಾರ, ಕೈಯಲ್ಲಿನ ಕೋಲು, ಮೂರನ್ನೂ ಅವನು ಕೊಟ್ಟುಬಿಡುತ್ತಾನೆ. ಆ ಕಾಲದಲ್ಲಿ ಮುದ್ರೆಯೆಂದರೆ ಒಬ್ಬನ ಸಹಿ. ಹಸಿ ಮಣ್ಣಿನ ಮೇಲೆ ಒತ್ತಿದರೆ ವ್ಯವಹಾರ ಮುಗಿದಂತೆ. ಇಂದಿನವನೊಬ್ಬ ಪರ್ಸನ್ನೂ ಗುರುತಿನ ಚೀಟಿಯನ್ನೂ ಒಟ್ಟಿಗೆ ಒಪ್ಪಿಸಿದ ಹಾಗೆ.

ಮೂರು ತಿಂಗಳಾದ ಮೇಲೆ ಸೊಸೆ ಬಸುರಿ ಎಂಬ ಸುದ್ದಿ ಬರುತ್ತದೆ. ಹೊರಗೆ ಎಳೆದು ತನ್ನಿರಿ, ಸುಟ್ಟುಬಿಡಿ ಎನ್ನುತ್ತಾನೆ ಯೆಹೂದ. ವಿಚಾರಣೆಯೂ ಇಲ್ಲ, ಪ್ರಶ್ನೆಯೂ ಇಲ್ಲ. ಅವಳು ಅವನ ಹೆಸರೆತ್ತುವುದಿಲ್ಲ. ವಸ್ತುಗಳನ್ನು ಕಳುಹಿಸಿ, ಇವು ಯಾರವೋ ಗುರುತಿಸಿ ಎಂದು ಹೇಳಿಸುತ್ತಾಳೆ. ಹೀಬ್ರೂವಿನಲ್ಲಿ ‘ಹಕೆರ್ ನಾ’ ಎಂಬ ಎರಡು ಪದಗಳು. ಹಿಂದಿನ ಅಧ್ಯಾಯದಲ್ಲಿ, ಆಡಿನ ರಕ್ತದಲ್ಲಿ ಅದ್ದಿದ ಅಂಗಿಯನ್ನು ಯಾಕೋಬನ ಮುಂದಿಟ್ಟು, ಇದು ನಿನ್ನ ಮಗನದೋ ಅಲ್ಲವೋ ಗುರುತಿಸು ಎಂದು ಅಣ್ಣಂದಿರು ಹೇಳಿಸಿದ್ದೂ ಇವೇ ಎರಡು ಪದಗಳಲ್ಲಿ. ಯೆಹೂದಿ ಪಂಡಿತರು ಇದನ್ನು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದರು. ನೀವು ಒಂದು ಕಡೆ ‘ನೋಡಿ ಹೇಳಿ’ ಎಂದೂ ಇನ್ನೊಂದು ಕಡೆ ‘ಪತ್ತೆ ಹಚ್ಚಿ’ ಎಂದೂ ಬರೆದಿದ್ದೀರಿ. ಒಂದೇ ಪದ ಮರುಕಳಿಸಬಾರದೆಂಬ ಶಾಲೆಯ ಪಾಠ ಇಲ್ಲಿ ಕಥೆಯನ್ನೇ ಕೆಡಿಸಿತು. ಕನ್ನಡಕ್ಕೆ ‘ಗುರುತು’ ಎಂಬ ಒಳ್ಳೆಯ ಪದವಿದೆ, ಎರಡೂ ಕಡೆ ಅದನ್ನೇ ಇಡಿ. ಶಕುಂತಲೆಯ ಉಂಗುರ ನಿಮಗೆ ನೆನಪಾಗಿದೆ, ಅದು ಸಹಜವೇ. ಆದರೆ ಅಲ್ಲಿ ಉಂಗುರ ಮರೆತವನಿಗೆ ನೆನಪು ತರುತ್ತದೆ, ಇಲ್ಲಿ ಯಾರೂ ಏನನ್ನೂ ಮರೆತಿಲ್ಲ. ಆ ಹೋಲಿಕೆಯನ್ನು ತೆಗೆದುಬಿಡಿ.

ಯೆಹೂದನ ಉತ್ತರವೂ ಮೂಲದಲ್ಲಿ ಎರಡೇ ಪದಗಳಿಂದ ಆರಂಭವಾಗುತ್ತದೆ: ಅವಳು ನನಗಿಂತ ನ್ಯಾಯವಂತಳು. ಶೇಲಹನಿಗೆ ಅವಳನ್ನು ಕೊಡಲಿಲ್ಲ ಎಂಬ ಕಾರಣವನ್ನು ಸೇರಿಸಿ ಸುಮ್ಮನಾಗುತ್ತಾನೆ. ಜನರೆದುರು, ಬೆಂಕಿಗೆ ಒಯ್ಯುತ್ತಿರುವ ಹೊತ್ತಿನಲ್ಲಿ ಆಡಿದ ಮಾತಿದು. ನಿಮ್ಮ ಇಡೀ ರಾತ್ರಿಯ ಅಳುವಿಗಿಂತ ಇದು ತೂಕದ್ದು.

ಇನ್ನೊಂದು ಪದ ನೋಡಿ. ತಾಮಾರಳು ಕೇಳಿದ ಅಡವಿಗೆ ಹೀಬ್ರೂವಿನಲ್ಲಿ ‘ಎರಾವೋನ್’ ಎನ್ನುತ್ತಾರೆ. ಐದು ಅಧ್ಯಾಯಗಳ ನಂತರ, ಯೋಸೇಫನ ಒಡಹುಟ್ಟಿದ ಕಿರಿಯ ತಮ್ಮ ಬೆನ್ಯಾಮೀನನನ್ನು ಐಗುಪ್ತಕ್ಕೆ ಕಳುಹಿಸಲು ಯಾಕೋಬ ಒಪ್ಪದಿದ್ದಾಗ, ನಾನೇ ಅವನಿಗೆ ಹೊಣೆ ಎಂದು ಯೆಹೂದ ಹೇಳುವಲ್ಲಿನ ಕ್ರಿಯಾಪದ ಅದೇ ಧಾತುವಿನದು. ಕನ್ನಡದಲ್ಲಿ ಅಡವು ಬೇರೆ, ಹೊಣೆ ಬೇರೆ. ಹಾಗಾಗಿ ಈ ಕೊಂಡಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆಗ ವಸ್ತು ಅಡವಿಟ್ಟವನು ಈಗ ತನ್ನನ್ನೇ ಇಡುತ್ತಿದ್ದಾನೆ. ಹಿರಿಯವನಾದ ರೂಬೇನ ಇದಕ್ಕೂ ಮೊದಲು, ಬೆನ್ಯಾಮೀನನನ್ನು ಮರಳಿ ತರದಿದ್ದರೆ ನನ್ನ ಇಬ್ಬರು ಮಕ್ಕಳನ್ನು ಕೊಲ್ಲು ಎಂದಿದ್ದ. ಮೊಮ್ಮಕ್ಕಳನ್ನು ಕೊಂದು ಯಾವ ಅಜ್ಜ ಸಮಾಧಾನಗೊಳ್ಳುತ್ತಾನೆ? ಯಾಕೋಬ ಅವನ ಮಾತಿಗೆ ಬಗ್ಗಲಿಲ್ಲ, ಯೆಹೂದನ ಮಾತಿಗೆ ಬಗ್ಗಿದ. ಇಬ್ಬರು ಮಕ್ಕಳನ್ನು ಕಳೆದುಕೊಂಡು ಮೂರನೆಯವನನ್ನು ಬಚ್ಚಿಟ್ಟವನಿಗೆ, ಒಬ್ಬನನ್ನು ಕಳೆದುಕೊಂಡು ಇನ್ನೊಬ್ಬನನ್ನು ಬಿಟ್ಟುಕೊಡಲಾರದ ತಂದೆಯ ಸಂಕಟ ತಿಳಿಯದೆ ಇರುತ್ತದೆಯೇ?

ಕಾಲಗಣನೆಗೆಂದು ನೀವು ಹಾಕಿದ ಪಟ್ಟಿ ಬೇಡ. ಯೋಸೇಫ ಮಾರಾಟವಾದದ್ದು ಹದಿನೇಳರ ಹರೆಯದಲ್ಲಿ, ಅಣ್ಣಂದಿರ ಮುಂದೆ ತನ್ನನ್ನು ತೋರಿಸಿಕೊಂಡದ್ದು ಮೂವತ್ತೊಂಬತ್ತರ ಸುಮಾರಿಗೆ. ಈ 22 ವರ್ಷಗಳಲ್ಲಿ ಯೆಹೂದನ ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲವನ್ನೂ ಹೊಂದಿಸಲು ವ್ಯಾಖ್ಯಾನಕಾರರು ಪರದಾಡಿದ್ದಾರೆ, ನೀವು ಪರದಾಡುವುದು ಬೇಡ.

ಆ ಜಾಗವನ್ನು 44ನೆಯ ಅಧ್ಯಾಯದ ಮಾತಿಗೆ ಕೊಡಿ. ಬೆನ್ಯಾಮೀನನ ಚೀಲದಲ್ಲಿ ಯೋಸೇಫ ಗುಟ್ಟಾಗಿ ಇಡಿಸಿದ್ದ ಬೆಳ್ಳಿಯ ಬಟ್ಟಲು ಸಿಕ್ಕಿದೆ. ಅವನು ಗುಲಾಮನಾಗಬೇಕು, ಉಳಿದವರು ಹೋಗಬಹುದು. ಯೆಹೂದ ಮುಂದೆ ಬಂದು ಆಡುವ ಮಾತು ಇಡೀ ಆದಿಕಾಂಡದ ಅತಿ ಉದ್ದದ ಭಾಷಣಗಳಲ್ಲಿ ಒಂದು. ಅದರಲ್ಲಿ ತಂದೆ ಎಂಬ ಪದ 14 ಸಲ ಬರುತ್ತದೆ. ಅದರ ನಡುವೆ ಅವನು ತಂದೆಯ ಮಾತೊಂದನ್ನು ಹಾಗೆಯೇ ಒಪ್ಪಿಸುತ್ತಾನೆ: ನನ್ನ ಹೆಂಡತಿ ನನಗೆ ಇಬ್ಬರು ಮಕ್ಕಳನ್ನು ಹೆತ್ತಳೆಂದು ನಿಮಗೆ ಗೊತ್ತಲ್ಲ. ಹೆಂಡತಿಯೆಂದರೆ ಅವನ ನೆಚ್ಚಿನ ರಾಹೇಲಳು, ಮಕ್ಕಳೆಂದರೆ ಯೋಸೇಫ ಮತ್ತು ಬೆನ್ಯಾಮೀನ. ಹೇಳುತ್ತಿರುವವನು ಲೇಯಳ ಮಗ. ಆ ಲೆಕ್ಕದಲ್ಲಿ ಅವನ ತಾಯಿ ಹೆಂಡತಿಯಲ್ಲ, ಅವನು ಮಗನಲ್ಲ. ಇದೇ ಪಕ್ಷಪಾತ ಒಮ್ಮೆ ತಂದೆ ಯೋಸೇಫನಿಗೆ ಮಾಡಿಸಿಕೊಟ್ಟ ವಿಶೇಷ ಅಂಗಿಯ ರೂಪದಲ್ಲಿ ಕಂಡಾಗ ಅಣ್ಣಂದಿರು ತಮ್ಮನನ್ನು ಗುಂಡಿಗೆ ತಳ್ಳಿದ್ದರು. ಈಗ ಯೆಹೂದ ಅದನ್ನು ತಂದೆಯ ಸ್ವಭಾವವೆಂದು ಒಪ್ಪಿಕೊಂಡು, ಆ ಪ್ರೀತಿಯ ಮಗನಿಗೆ ಬದಲಾಗಿ ತಾನು ಗುಲಾಮನಾಗಿ ಉಳಿಯುತ್ತೇನೆ ಎನ್ನುತ್ತಾನೆ. ನೀವು ಈ ಭಾಷಣವನ್ನು ‘ಮನಕಲಕುವ ಮಾತು’ ಎಂಬ ಎರಡು ಪದಗಳಲ್ಲಿ ಮುಗಿಸಿದ್ದೀರಿ. ತಂದೆಯ ಆ ಒಂದು ವಾಕ್ಯವನ್ನು ಬರೆದು ಬಿಟ್ಟರೆ ವಿಶೇಷಣವೇ ಬೇಕಾಗುವುದಿಲ್ಲ.

ಅವನ ಮಹತ್ವದ ಬಗ್ಗೆ ನೀವು ಬರೆದ ಕೊನೆಯ ಭಾಗ ಬಹುಮಟ್ಟಿಗೆ ಸರಿಯಾಗಿದೆ. ರೂಬೇನ ತಂದೆಯ ಉಪಪತ್ನಿಯೊಡನೆ ಮಲಗಿ, ಸಿಮೆಯೋನ ಮತ್ತು ಲೇವಿ ಶೆಕೆಮ್ ಎಂಬ ಊರಿನಲ್ಲಿ ಕೊಲೆ ಮಾಡಿ ತಂದೆಯ ಮನ್ನಣೆ ಕಳೆದುಕೊಂಡದ್ದರಿಂದ ರಾಜದಂಡದ ಆಶೀರ್ವಾದ ನಾಲ್ಕನೆಯವನಿಗೆ ಬಂತು. ತಾಮಾರಳ ಅವಳಿಗಳಲ್ಲಿ ಒಬ್ಬನಾದ ಪೆರೆಚನ ವಂಶದಲ್ಲಿ ದಾವೀದ ಹುಟ್ಟಿದ. ಸುವಾರ್ತೆಯಲ್ಲಿ ಮತ್ತಾಯನು ಕೊಡುವ ಯೇಸುವಿನ ವಂಶಾವಳಿಯಲ್ಲಿ ತಾಮಾರಳ ಹೆಸರೂ ಇದೆ. ಒಂದು ಕಡೆ ಮಾತ್ರ ಎಚ್ಚರವಿರಲಿ. ಯೆಹೂದನೆಂಬ ವ್ಯಕ್ತಿಗೆ ಗ್ರಂಥದ ಹೊರಗೆ ಸಾಕ್ಷ್ಯವಿಲ್ಲ. ಯೆಹೂದವೆಂಬ ರಾಜ್ಯಕ್ಕೆ ಬೇಕಾದಷ್ಟಿದೆ. ಉತ್ತರದ ಇಸ್ರೇಲ್ ರಾಜ್ಯ ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರಿಗೆ ಬಿದ್ದ ಮೇಲೂ ಅದು ಉಳಿದು, ಕ್ರಿ.ಪೂ. 586ರ ಹೊತ್ತಿಗೆ ಬಾಬೆಲಿನವರಿಂದ ನಾಶವಾಯಿತು. ಆ ರಾಜ್ಯದ ಜನ ತಮ್ಮ ಮೂಲಪುರುಷನ ಕಥೆಯನ್ನು ಹೀಗೆ ಹೇಳಿಕೊಂಡರು, ಅವನ ನಾಚಿಕೆಗೇಡನ್ನು ಅಳಿಸದೆ ಹೇಳಿಕೊಂಡರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಯೆಹೂದಿ ಎಂಬ ಹೆಸರು ಬಂದದ್ದೂ ಅವನಿಂದಲೇ.

ಕೊನೆಯದಾಗಿ, ಶೇಲಹನನ್ನು ನೀವು ಪೂರ್ತಿ ಮರೆತಿದ್ದೀರಿ. ಸಾಯುತ್ತಾನೆಂಬ ಹೆದರಿಕೆಯಿಂದ ತಂದೆ ಬಚ್ಚಿಟ್ಟ ಆ ಮಗ ಸಾಯಲಿಲ್ಲ. ಬೈಬಲಿನ ಇನ್ನೊಂದು ಗ್ರಂಥವಾದ ಪೂರ್ವಕಾಲವೃತ್ತಾಂತದ ಮೊದಲ ಭಾಗದ 4ನೆಯ ಅಧ್ಯಾಯ ತೆರೆಯಿರಿ. ಅವನ ಸಂತತಿಯವರು ನಾರುಮಡಿ ನೇಯುವವರೂ ಕುಂಬಾರರೂ ಆಗಿ ಅರಸನ ಕೆಲಸದಲ್ಲಿದ್ದರೆಂದು ಅಲ್ಲಿದೆ. ಶೇಲಹನ ಮಗನೊಬ್ಬನ ಹೆಸರೂ ಅಲ್ಲಿದೆ: ಏರ. ತೀರಿಹೋದ ಅಣ್ಣನ ಹೆಸರನ್ನು ಅವನು ತನ್ನ ಮಗನಿಗೆ ಇಟ್ಟಿದ್ದಾನೆ. ನಿಮ್ಮ ಕಲ್ಪನೆಗೆ ಜಾಗ ಬೇಕಿದ್ದರೆ ಅಲ್ಲಿದೆ. ಆ ನಾಮಕರಣದ ದಿನ ಮುದುಕ ಯೆಹೂದ ಎಲ್ಲಿ ಕುಳಿತಿದ್ದನೆಂದು ಯಾರೂ ಇನ್ನೂ ನನಗೆ ಬರೆದು ತೋರಿಸಿಲ್ಲ. ತಿದ್ದಿದ ಪ್ರತಿಯನ್ನು ಕಳುಹಿಸಿ, ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ವಿಶ್ವಾಸಿ